ರಸೀದಿ ಕೇಳಲು ಕಲಿಸಿದ ತರುಣ ಪಾದ್ರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಓದಿದ ಭಾಷಣ)



ಬೆಳ್ಳಿಹಬ್ಬದ ಭಾಷಣದಲ್ಲಿ ಏನೇನು ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಬಾಡಿಗೆ ಕೋಣೆಯಿಂದ ಸ್ವಂತ ಕಟ್ಟಡಕ್ಕೆ ಹೇಗೆ ಬಂದೆವು, ಯಾರು ಯಾರು ದುಡಿದರು. ಆ ಲೆಕ್ಕವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅಚ್ಚಾಗಿದೆ, ಓದಿಕೊಳ್ಳಿ. ಇವತ್ತು ನಾವು ಬೇರೆ ಒಬ್ಬರ ನೆನಪು ಮಾಡಬೇಕು ಅಂತ ಆಡಳಿತ ಮಂಡಳಿಯಲ್ಲಿ ಮಾತಾಡಿಕೊಂಡೆವು. ಅವರು ನಮ್ಮ ಊರಿನವರಲ್ಲ, ನಮ್ಮ ರಾಜ್ಯದವರಲ್ಲ, ಈ ದೇಶದಲ್ಲಿ ಹುಟ್ಟಿದವರೂ ಅಲ್ಲ. ಮೂವತ್ತೇಳನೆಯ ವಯಸ್ಸಿಗೆ ಕ್ಷಯ ರೋಗದಿಂದ ತೀರಿಕೊಂಡ ಒಬ್ಬ ಕ್ರೈಸ್ತ ಪಾದ್ರಿ. ಹೆಸರು ಕಾನ್‌ಸ್ಟಂಟ್ ಲೀವೆನ್ಸ್.

ಈ ವಿಷಯ ಇಟ್ಟಾಗ ನಮ್ಮಲ್ಲೇ ಒಬ್ಬರು, "ಬೆಳ್ಳಿಹಬ್ಬಕ್ಕೂ ಬೆಲ್ಜಿಯಂ ಪಾದ್ರಿಗೂ ಏನ್ರೀ ಸಂಬಂಧ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸಂಬಂಧ ನಮ್ಮ ಸಂಘದ ಕೌಂಟರಿನಲ್ಲೇ ಶುರುವಾಯಿತು, ಅಲ್ಲಿಂದಲೇ ಹೇಳುತ್ತೇವೆ.

ನಮ್ಮ ಕಡೆ ಕಾಫಿ ತೋಟಗಳಿಗೆ ಹಣ್ಣು ಕೊಯ್ಲಿನ ಕಾಲಕ್ಕೆ ದೂರದ ರಾಜ್ಯಗಳಿಂದ ಜನ ಬರುವುದು ಈಗ ಹೊಸದಲ್ಲ. ಅಸ್ಸಾಮಿನವರು ಇದ್ದಾರೆ, ಒಡಿಶಾದವರು ಇದ್ದಾರೆ, ಜಾರ್ಖಂಡಿನವರು ಇದ್ದಾರೆ. ನಾವು ಎಲ್ಲರನ್ನೂ ಸೇರಿಸಿ "ಹಿಂದಿಯವರು" ಅಂದುಬಿಡುತ್ತೇವೆ. ಅವರ ಮನೆಯ ಮಾತು ಹಿಂದಿಯಲ್ಲ ಅನ್ನುವುದು ನಮಗೂ ಮೊನ್ನೆ ಮೊನ್ನೆಯ ತನಕ ತಿಳಿದಿರಲಿಲ್ಲ. ಹೋದ ಕೊಯ್ಲಿನಲ್ಲಿ ಅಂಥ ಒಬ್ಬ ಕೂಲಿ ಆಳು ಮಧ್ಯಾಹ್ನ ಊಟದ ಹೊತ್ತಿಗೆ ಸಂಘದ ಕಚೇರಿಗೆ ಬಂದ. ಗೊಬ್ಬರ ಕೇಳಲು ಬಂದವನಲ್ಲ, ಪಡಿತರ ಕೇಳಲು ಬಂದವನೂ ಅಲ್ಲ. ಗುಮಾಸ್ತರ ಮೇಜಿನ ಮೇಲಿದ್ದ ಪಾಸ್‌ಬುಕ್ ಕಡೆ ಕೈ ತೋರಿಸಿ, ಇಂಥದ್ದು ನನಗೂ ಸಿಗುತ್ತದೆಯೇ ಅಂತ ಕೇಳಿದ. ನಮ್ಮ ಸದಸ್ಯರಲ್ಲೊಬ್ಬರು ಮಿಲಿಟರಿಯಲ್ಲಿದ್ದು ಬಂದವರು, ಅಂದು ಅಲ್ಲೇ ಕೂತಿದ್ದರು. ಅವರು ಹಿಂದಿಯಲ್ಲಿ ವಿಚಾರಿಸಿದರು.

ಆತ ಗುಮ್ಲಾ ಜಿಲ್ಲೆಯವನು. ಉರಾಂವ್ ಜನ. ಕೂಲಿಯ ಹಣ ಕಂಟ್ರಾಕ್ಟರ್ ಕೈಗೆ ಹೋಗುತ್ತದೆ, ಅಲ್ಲಿ ಮುಂಗಡ ಮುರಿದು, ಅಕ್ಕಿ ಮುರಿದು, ರೈಲು ಚಾರ್ಜು ಮುರಿದು ಉಳಿದದ್ದು ಇವನಿಗೆ. ಎಷ್ಟು ಮುರಿದರು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಊರಿನ ಬ್ಯಾಂಕಿನಲ್ಲಿ ಖಾತೆ ಇದೆಯಂತೆ, ಅದರ ಕಾರ್ಡು ಕಂಟ್ರಾಕ್ಟರ್ ಹತ್ತಿರವೇ ಇದೆಯಂತೆ. ಇಷ್ಟು ಹೇಳಿ ಕೊನೆಗೆ ಅವನು ಒಂದು ಮಾತು ಹೇಳಿದ. "ನಮ್ಮ ಅಜ್ಜನಿಗೆ ರಾಂಚಿ ಸೊಸೈಟಿಯ ಪಾಸ್‌ಬುಕ್ ಇತ್ತು. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡ ಅಂತ ನಮ್ಮ ಕಡೆಯವರಿಗೆ ಒಬ್ಬ ಫಾದರ್ ಹೇಳಿಕೊಟ್ಟಿದ್ದರು. ಅಜ್ಜ ಯಾವಾಗಲೂ ಅವರ ಹೆಸರು ಹೇಳುತ್ತಿದ್ದ."

ಆ ಫಾದರ್ ಯಾರು ಅಂತ ಹುಡುಕಿದವರು ನಮ್ಮ ಸಂಘದ ಹಿರಿಯ ನಿರ್ದೇಶಕರಾದ ನಿವೃತ್ತ ಮೇಷ್ಟ್ರು. ಅವರು ಓದಿ ನಮಗೆ ಹೇಳಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಛೋಟಾನಾಗ್‌ಪುರ ಅನ್ನುವುದು ಈಗಿನ ಜಾರ್ಖಂಡಿನ ಗುಡ್ಡಗಾಡು ಸೀಮೆ. ರಾಂಚಿ, ಖೂಂಟಿ, ಗುಮ್ಲಾ, ಸಿಮ್‌ಡೇಗಾ ಇವೆಲ್ಲ ಅದರೊಳಗೆ ಬರುತ್ತವೆ. 2000ನೇ ಇಸವಿಯ ನವೆಂಬರ್ 15ರ ತನಕ ಅದು ಬಿಹಾರಕ್ಕೆ ಸೇರಿತ್ತು. ನಮ್ಮ ಮಲೆನಾಡಿನ ಹಾಗೇ ಏರು ತಗ್ಗು, ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ಕಾಡು. ಮುಂಡಾ, ಉರಾಂವ್, ಖಡಿಯಾ ಮೊದಲಾದ ಜನ ಅಲ್ಲಿಯ ಮೂಲ ನಿವಾಸಿಗಳು. ಮುಂಡಾ ಜನರಲ್ಲಿ ಒಂದು ಪದ್ಧತಿ ಇತ್ತು, ಖೂಂಟ್‌ಕಟ್ಟಿ ಅನ್ನುತ್ತಾರೆ. ಮೊದಲು ಕಾಡು ಕಡಿದು ಗದ್ದೆ ಎಬ್ಬಿಸಿದ ಮನೆತನಕ್ಕೆಲ್ಲ ಸೇರಿ ಆ ಊರಿನ ನೆಲ. ಒಬ್ಬ ಒಡೆಯ ಅಂತ ಇಲ್ಲ, ಕಾಗದವೂ ಇಲ್ಲ. ಊರಿನ ಕಲ್ಲುಗಳೇ ಸಾಕ್ಷಿ. ಸತ್ತ ಹಿರಿಯರ ಮೇಲೆ ನಿಲ್ಲಿಸಿದ ಕಲ್ಲುಗಳನ್ನು ತೋರಿಸಿ "ಇದೇ ನಮ್ಮ ಪಟ್ಟಾ" ಅನ್ನುವ ಜನ ಅವರು.

ಕಾಗದ ಇಲ್ಲದ ಕಡೆ ಕಾಗದ ಇರುವವನು ಬಂದರೆ ಏನಾಗುತ್ತದೆ ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಜಮೀನ್ದಾರರು ಬಂದರು, ಊರುಗಳನ್ನು ಗುತ್ತಿಗೆ ಹಿಡಿದ ಠೇಕೇದಾರರು ಬಂದರು, ಹಿಂದೆಯೇ ಸಾಲ ಕೊಡುವವರು ಬಂದರು. ನೆಲ ಕಡಿದವನೇ ಅಲ್ಲಿ ಗೇಣಿದಾರನಾದ. ಗೇಣಿ ಏರುತ್ತಾ ಹೋಯಿತು. ಅದರ ಮೇಲೆ ಬಿಟ್ಟಿ ಚಾಕರಿ, ಅವರ ಮಾತಿನಲ್ಲಿ ಬೇಠ್ ಬೇಗಾರಿ. ಒಡೆಯನ ಗದ್ದೆ ಉಳಬೇಕು, ನಾಟಿ ಮಾಡಬೇಕು, ಕೊಯ್ದು ಹೊರಬೇಕು, ಕೂಲಿ ಇಲ್ಲ. ಗೇಣಿ ಕೊಟ್ಟವನಿಗೆ ರಸೀದಿ ಇಲ್ಲ. ರಸೀದಿ ಇಲ್ಲದ ಮೇಲೆ ಕೋರ್ಟಿನಲ್ಲಿ ಒಡೆಯ "ಮೂರು ವರ್ಷದ ಬಾಕಿ ಇದೆ" ಅಂದರೆ ಅದೇ ಸತ್ಯ.

1974ರ ಭೂಸುಧಾರಣೆಯಲ್ಲಿ ಫಾರಂ 7 ತುಂಬಿದವರ ಮಕ್ಕಳು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ! ಟ್ರಿಬ್ಯೂನಲ್ ಮುಂದೆ ಗೇಣಿ ಚೀಟಿ ಇದ್ದವನ ಧೈರ್ಯವೇ ಬೇರೆ, ಇಲ್ಲದವನ ಪಾಡೇ ಬೇರೆ ಇತ್ತಲ್ಲವೇ? ಮಣ್ಣಿನ ಗೋಡೆಯ ಗೂಡಿನಲ್ಲಿ ಹಳೆಯ ಚೀಟಿ ಇಟ್ಟು, ಗೆದ್ದಲು ತಿಂದು, ಸಾಕ್ಷಿಗೆ ಊರವರ ಕಾಲು ಹಿಡಿದ ಕಥೆ ನಮ್ಮ ಮನೆಗಳಲ್ಲೂ ಇವೆ. ಹಾಗಾಗಿ ಈ ಸಂಗತಿ ನಮಗೆ ಪರದೇಶದ ಕಥೆ ಅನ್ನಿಸಲಿಲ್ಲ.

ಆ ಜನ ಸುಮ್ಮನಿದ್ದರು ಅಂತಲ್ಲ. 1831-32ರಲ್ಲಿ ದೊಡ್ಡ ದಂಗೆಯೇ ಎದ್ದಿತ್ತು, ಕೋಲ್ ದಂಗೆ ಅಂತ ಇತಿಹಾಸದ ಪುಸ್ತಕದಲ್ಲಿದೆ. ಆಮೇಲೆ ಅವರಲ್ಲೇ ಸರ್ದಾರರು ಅನ್ನಿಸಿಕೊಂಡ ಮುಖಂಡರು ಹತ್ತಾರು ವರ್ಷ ಅರ್ಜಿ ಬರೆದರು, ಚಂದಾ ಎತ್ತಿ ಕೋರ್ಟಿಗೆ ಹೋದರು. ಫಲ ಕಡಿಮೆ. ಕೋರ್ಟಿನ ಭಾಷೆ ಇವರಿಗೆ ಬಾರದು, ಇವರ ಭಾಷೆ ವಕೀಲನಿಗೆ ಬಾರದು.

ಇಂಥ ಸೀಮೆಗೆ 1885ರಲ್ಲಿ ಲೀವೆನ್ಸ್ ಬಂದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ನಡೆಯುತ್ತಿತ್ತು. ಹುಟ್ಟಿದ್ದು 1856ರ ಏಪ್ರಿಲ್‌ನಲ್ಲಿ, ಬೆಲ್ಜಿಯಂ ದೇಶದ ಮೂರ್ಸ್‌ಲೇಡೆ ಎಂಬ ಹಳ್ಳಿಯಲ್ಲಿ. ದೊಡ್ಡ ಸಂಸಾರದ ಬೇಸಾಯಗಾರರ ಮನೆ, ತಾಯಿ ಬೇಗ ತೀರಿಕೊಂಡಿದ್ದರು. ಗದ್ದೆ ಕೆಲಸ, ದನ ಕರು, ಸುಗ್ಗಿ ಎಲ್ಲ ಕಂಡವರು. ನಮಗೆ ಇದು ಮುಖ್ಯ ಅನ್ನಿಸುತ್ತದೆ. ಗೇಣಿಯ ಸಂಕಟ ಪುಸ್ತಕದಿಂದ ಕಲಿತವನಿಗೂ ಹೊಲದ ಬದುವಿನ ಮೇಲೆ ನಿಂತು ಕಲಿತವನಿಗೂ ವ್ಯತ್ಯಾಸ ಇದೆ. 1878ರಲ್ಲಿ ಯೇಸುಸಭೆಗೆ ಸೇರಿದರು. 1880ರಲ್ಲಿ ಇಂಡಿಯಾಕ್ಕೆ ಬಂದರು. 1883ರಲ್ಲಿ ಗುರುದೀಕ್ಷೆ ಆಯಿತು. ಕಲ್ಕತ್ತಾದಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. ಅಲ್ಲೇ ಉಳಿದಿದ್ದರೆ ಒಬ್ಬ ಒಳ್ಳೆಯ ಮೇಷ್ಟ್ರಾಗಿ ಇರುತ್ತಿದ್ದರೋ ಏನೋ.

ರಾಂಚಿಯ ಹತ್ತಿರ ಕೆಲವು ತಿಂಗಳು ಇದ್ದು, ಅದೇ 1885ರ ಕೊನೆಗೆ ತೋರ್ಪಾ ಎಂಬ ಊರಿನಲ್ಲಿ ಬಿಡಾರ ಹೂಡಿದರು. ಆ ಸೀಮೆಯಲ್ಲಿ 1845ರಿಂದಲೂ ಜರ್ಮನಿಯ ಲುಥೆರನ್ ಪಾದ್ರಿಗಳು ಇದ್ದರು. ಪಾದ್ರಿ ಅನ್ನುವುದು ಜನಕ್ಕೆ ಹೊಸದಲ್ಲ. ಹೊಸದಾದದ್ದು ಲೀವೆನ್ಸ್ ಹಿಡಿದ ದಾರಿ. ಅವರ ಚರಿತ್ರೆ ಬರೆದವರು ಹೇಳುವಂತೆ, ತೋರ್ಪಾದ ಒಬ್ಬ ಪೊಲೀಸ್ ಅಧಿಕಾರಿ ಅವರಿಗೆ ಒಂದು ಕಿವಿಮಾತು ಹೇಳಿದನಂತೆ. ಈ ಜನಕ್ಕೆ ಬೇಕಾಗಿರುವುದು ಕಾನೂನಿನ ಆಸರೆ, ಅವರನ್ನು ತಿಳಿಯಬೇಕಾದರೆ ಮೊದಲು ಅವರ ನೆಲದ ವ್ಯಾಜ್ಯ ತಿಳಿಯಿರಿ ಅಂತ. ಲೀವೆನ್ಸ್ ಆ ಮಾತನ್ನು ಹಿಡಿದರು. ಜನರ ಮಾತು ಕಲಿತರು. ಗೇಣಿ ಕಾನೂನು ಓದಿದರು. ಸ್ಥಳದ ಪದ್ಧತಿ ವಿಚಾರಿಸಿದರು. ಯಾವ ಬಿಟ್ಟಿ ಕೆಲಸ ಪದ್ಧತಿಯಲ್ಲಿದೆ, ಯಾವುದು ಒಡೆಯ ಮೊನ್ನೆ ಮೊನ್ನೆ ಸೇರಿಸಿದ್ದು ಅಂತ ಬೇರೆ ಬೇರೆ ಮಾಡಿ ನೋಡಿದರು.

ಅವರು ಹೇಳಿಕೊಟ್ಟದ್ದು ಕೇಳಿದರೆ ಬಹಳ ಸಣ್ಣ ವಿಷಯ. ಕಾನೂನಿನ ಪ್ರಕಾರ ಎಷ್ಟು ಗೇಣಿಯೋ ಅಷ್ಟನ್ನು ತಪ್ಪದೆ ಕೊಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ. ಅದಕ್ಕಿಂತ ಹೆಚ್ಚಿಗೆ ಕಾಸೂ ಕೊಡಬೇಡಿ. ಕಾನೂನಿನಲ್ಲಿಲ್ಲದ ಬಿಟ್ಟಿಗೆ ಹೋಗಬೇಡಿ. ಬಡಿದಾಟಕ್ಕೆ ಇಳಿಯಬೇಡಿ, ಕೋರ್ಟಿಗೆ ಬನ್ನಿ. ಇಷ್ಟೇ. ಗೇಣಿ ಕೊಡಬೇಡಿ ಅಂತ ಅವರು ಎಲ್ಲೂ ಹೇಳಲಿಲ್ಲ, ಇದನ್ನು ಗಮನಿಸಬೇಕು. ಆದರೆ ಸಾವಿರಾರು ಜನ ಒಟ್ಟಿಗೆ ರಸೀದಿ ಕೇಳಲು ಶುರು ಮಾಡಿದಾಗ ಒಡೆಯರಿಗೆ ಅದು ದಂಗೆಗಿಂತ ದೊಡ್ಡದಾಗಿ ಕಂಡಿತು. ದಂಗೆಯಾದರೆ ಸರಕಾರ ಬಂದೂಕು ತರುತ್ತದೆ. ರಸೀದಿ ಕೇಳಿದವನ ಮೇಲೆ ಬಂದೂಕು ತರುವುದು ಹೇಗೆ?

ಬೆಳಗಿನಿಂದ ಸಂಜೆಯ ತನಕ ಅವರ ಬಿಡಾರದ ಮುಂದೆ ಜನ. ಸಮನ್ಸ್ ಹಿಡಿದುಕೊಂಡು ಒಬ್ಬ, ಎತ್ತು ಜಪ್ತಿಯಾಯಿತು ಅಂತ ಒಬ್ಬ, ಮಗನನ್ನು ಹಿಡಿದುಕೊಂಡು ಹೋದರು ಅಂತ ಒಬ್ಬಳು. ಅರ್ಜಿ ಕೇಳಿ, ಕೋರ್ಟಿನಲ್ಲಿ ಹೀಗೆ ಹೇಳು ಅಂತ ತಿಳಿಸಿ, ವಕೀಲರಿಗೆ ವಿವರಿಸಿ ಕಳಿಸುವುದು. ಉಳಿದ ಹೊತ್ತಿನಲ್ಲಿ ಕುದುರೆ ಏರಿ ಊರೂರು ಸುತ್ತುವುದು. ಮಳೆಗಾಲ ಬೇಸಿಗೆ ಅಂತಿಲ್ಲ, ಊಟ ನಿದ್ದೆಗೆ ಹೊತ್ತಿಲ್ಲ. 1888ರಲ್ಲಿ ರಾಂಚಿಗೆ ಬಂದು ಇಡೀ ಕೆಲಸದ ಹೊಣೆ ಹೊತ್ತರು. ಮರುವರ್ಷ ಗುಮ್ಲಾದ ಆಚೆಯ ಬರ್ವೆ ಸೀಮೆಗೆ ಕೈ ಹಾಕಿದರು. ನಮ್ಮ ಕೌಂಟರಿಗೆ ಬಂದ ಆ ಆಳು ಅದೇ ಕಡೆಯವನು.

ಈಗ ಒಂದು ವಿಷಯ ಮುಚ್ಚಿಡದೆ ಹೇಳಬೇಕು, ಯಾಕೆಂದರೆ ಸಭೆಯಲ್ಲಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತವರಿದ್ದಾರೆ. ಲೀವೆನ್ಸ್ ಬಂದದ್ದು ಮತ ಪ್ರಚಾರಕ್ಕೇ. ಆ ಏಳು ವರ್ಷದಲ್ಲಿ ಹತ್ತಾರು ಸಾವಿರ ಜನ ಕ್ಯಾಥೋಲಿಕ್ ಮತಕ್ಕೆ ಸೇರಿದರು. ವ್ಯಾಜ್ಯದ ಸಹಾಯಕ್ಕೆ ಬಂದವರು ಮತಕ್ಕೂ ಸೇರಿದರು, ಇದು ಸರಿಯೇ ಅಂತ ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಅವರ ಸಭೆಯ ಒಳಗೇ ಕೆಲವರಿಗೆ ಈ ಅವಸರ ಸರಿ ಕಾಣಲಿಲ್ಲ. ನಮ್ಮ ಸಂಘದಲ್ಲಿ ಎಲ್ಲ ಜಾತಿ ಮತದವರೂ ಇದ್ದೇವೆ, ಈ ವಿಷಯದಲ್ಲಿ ನಾವು ಎಲ್ಲ ಒಂದೇ ಅಭಿಪ್ರಾಯದವರಲ್ಲ. ಭಾಷಣ ಬರೆಯುವಾಗಲೂ ವಾದ ಆಯಿತು. ಕೊನೆಗೆ ನಾವು ಒಪ್ಪಿದ್ದು ಇಷ್ಟು. ಆ ಜನ ದೇವರನ್ನು ಯಾವ ಹೆಸರಿನಿಂದ ಕರೆದರು ಅನ್ನುವುದು ಅವರ ಮನೆಯ ವಿಷಯ. ಅವರ ಗದ್ದೆ ಯಾರ ಹೆಸರಿನಲ್ಲಿ ಉಳಿಯಿತು ಅನ್ನುವುದು ಸಹಕಾರಿಗಳಾದ ನಾವು ಕೇಳಬೇಕಾದ ವಿಷಯ.

ಒಡೆಯರು ಸುಮ್ಮನೆ ಕೂರಲಿಲ್ಲ. ಪಾದ್ರಿ ರೈತರನ್ನು ಎತ್ತಿಕಟ್ಟುತ್ತಾನೆ ಅಂತ ಸರಕಾರಕ್ಕೆ ದೂರು ಹೋಯಿತು. ಬಿಳಿಯ ಅಧಿಕಾರಿಗಳಲ್ಲೇ ಹಲವರು ಆ ದೂರನ್ನು ನಂಬಿದರು. 1889ರ ಕೊನೆಯಿಂದ ಗಾಳಿ ತಿರುಗಿತು. ಕೇಸುಗಳು ಬಿದ್ದವು. ಲೀವೆನ್ಸ್ ಮಾತು ನಂಬಿ ಬಿಟ್ಟಿಗೆ ಹೋಗದೆ ನಿಂತವರಲ್ಲಿ ಜೈಲಿಗೆ ಹೋದವರುಂಟು. ಕೆಲವು ಕಡೆ ಜನ ಹೆದರಿ ಹಿಂದೆ ಸರಿದರು. ತನ್ನ ಮಾತು ಕೇಳಿ ಇನ್ನೊಬ್ಬ ಜೈಲಿಗೆ ಹೋದರೆ ಆ ರಾತ್ರಿ ನಿದ್ದೆ ಹೇಗೆ ಬಂದೀತು? ಅದರ ಮೇಲೆ ದೇಹವೂ ಕೈಕೊಟ್ಟಿತು. ಕ್ಷಯ ಹತ್ತಿಕೊಂಡಿತ್ತು. ಡಾರ್ಜಿಲಿಂಗಿಗೆ ಕಳಿಸಿದರು, ಸ್ವಲ್ಪ ಸುಧಾರಿಸಿತು ಅಂತ ಮತ್ತೆ ಬಂದು ಕುದುರೆ ಏರಿದರು. ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ಅದಕ್ಕೆ ತಾಗುವ ಔಷಧ ಬಂದದ್ದು 1940ರ ದಶಕದಲ್ಲಿ. ನಡುವೆ ಸಿಕ್ಕಿಬಿದ್ದವರಿಗೆ ಒಳ್ಳೆಯ ಗಾಳಿ, ಹಾಲು, ವಿಶ್ರಾಂತಿ ಬಿಟ್ಟರೆ ಬೇರೆ ಗತಿಯಿಲ್ಲ. ವಿಶ್ರಾಂತಿಯೊಂದನ್ನು ಅವರು ತೆಗೆದುಕೊಳ್ಳಲಿಲ್ಲ. 1892ರಲ್ಲಿ ಅವರನ್ನು ಬೆಲ್ಜಿಯಂಗೆ ಕಳಿಸಿಕೊಡಲಾಯಿತು. 1893ರ ನವೆಂಬರ್ 7ರಂದು ಲೂವೆನ್ ನಗರದಲ್ಲಿ ತೀರಿಕೊಂಡರು.

ಏಳು ವರ್ಷದ ಕೆಲಸ, ಒಬ್ಬ ಮನುಷ್ಯ. ಜನ ಅವರನ್ನು ತಂದೆ ಅಂತ ನಂಬಿದ್ದರು. ಅವರು ಹೋದ ಮೇಲೆ ಯಾವ ಊರಿನ ಯಾವ ವ್ಯಾಜ್ಯ ಎಲ್ಲಿಗೆ ಬಂದು ನಿಂತಿದೆ ಅನ್ನುವುದು ಅವರಷ್ಟು ಬಲ್ಲವರು ಯಾರಿದ್ದರು? ಅವರ ಹಿಂದೆ ಒಳ್ಳೆಯ ಜನ ಇದ್ದರು, ನಿಜ. ಆದರೂ ಒಬ್ಬರ ತಲೆಯಲ್ಲಿದ್ದದ್ದು ಇನ್ನೊಬ್ಬರ ಕೈಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಇಲ್ಲಿ ನಮ್ಮ ಒಂದು ಹಳೆಯ ಸಂಗತಿ ಹೇಳದೆ ಇದ್ದರೆ ತಪ್ಪಾಗುತ್ತದೆ. ನಮ್ಮ ಸಂಘದ ಮೊದಲ ಕಾರ್ಯದರ್ಶಿಗಳು ನಿಮಗೆಲ್ಲ ಗೊತ್ತು. ಹಬ್ಬದ ದಿನ ಅವರ ಹೆಸರು ಹೇಳಿ ಅವರ ಮನೆಯವರಿಗೆ ನೋವು ಕೊಡುವುದು ಬೇಡ. ಯಾರಿಗೆ ಎಷ್ಟು ಸಾಲ, ಯಾರ ಮನೆಯಲ್ಲಿ ಮದುವೆ, ಯಾರ ಬಾಕಿಯನ್ನು ಮೆಣಸು ಒಣಗುವ ತನಕ ತಡೆಹಿಡಿಯಬೇಕು, ಎಲ್ಲ ಅವರ ತಲೆಯಲ್ಲೇ. ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರೂ ಬೈಕ್ ಹತ್ತಿ ಬಂದು ಔಷಧಕ್ಕೆ ದುಡ್ಡು ಕೊಟ್ಟವರು. ನಾಳೆ ಬರೆದರಾಯಿತು ಅನ್ನುತ್ತಿದ್ದರು. ನಾವೂ ಹೂಂ ಅನ್ನುತ್ತಿದ್ದೆವು. ಒಂದು ದಿನ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಆಮೇಲೆ ಎಂಟು ತಿಂಗಳು ನಾವು ಪಟ್ಟ ಪಾಡು! ಪುಸ್ತಕದಲ್ಲಿ ಒಂದು ಲೆಕ್ಕ, ಸದಸ್ಯರ ನೆನಪಿನಲ್ಲಿ ಒಂದು ಲೆಕ್ಕ. ಕೊಟ್ಟವರು ಕೊಟ್ಟೆ ಅಂದರು, ರಸೀದಿ ಇರಲಿಲ್ಲ. ಬಾಕಿಯವರೂ ಕೊಟ್ಟೆ ಅಂದರು, ಅವರ ಹತ್ತಿರವೂ ರಸೀದಿ ಇರಲಿಲ್ಲ. ಅವರು ಒಂದು ಪೈಸೆ ತಿಂದವರಲ್ಲ ಅಂತ ಇಡೀ ಊರಿಗೆ ಗೊತ್ತಿತ್ತು. ಆದರೂ ಸತ್ತ ಮೇಲೆ ಅವರ ಬಗ್ಗೆ ಎರಡು ಮಾತು ಬಂತು. ಅಂಥ ಮನುಷ್ಯನ ಮೇಲೆ ಅಂಥ ಮಾತು ಬರಲು ಕಾರಣ ಅವರಲ್ಲ, ನಾವು. ಬರೆಯಿರಿ ಅಂತ ನಾವು ಕೂತು ಹೇಳಬೇಕಿತ್ತು. ಹೇಳಲಿಲ್ಲ.

ಛೋಟಾನಾಗ್‌ಪುರಕ್ಕೆ ವಾಪಸ್ ಹೋಗೋಣ. ಲೀವೆನ್ಸ್ ತೀರಿಕೊಂಡಾಗ ಅಲ್ಲಿ ಬಿರ್ಸಾ ಮುಂಡಾ ಎಂಬ ಹುಡುಗನಿಗೆ ಸುಮಾರು ಹದಿನೆಂಟು ವರ್ಷ. ಬಿರ್ಸಾ ಜರ್ಮನ್ ಮಿಷನ್ ಶಾಲೆಯಲ್ಲಿ ಓದಿ, ಕೆಲವು ಕಾಲ ಕ್ರೈಸ್ತನಾಗಿದ್ದು, ಆಮೇಲೆ ಮಿಷನ್ ಬಿಟ್ಟು ತನ್ನದೇ ದಾರಿ ಹಿಡಿದರು. ಕೋರ್ಟು ಅರ್ಜಿಗಳಿಂದ ಬೇಸತ್ತ ಜನ ಅವರ ಹಿಂದೆ ಹೋದರು. 1899-1900ರಲ್ಲಿ ಉಲ್‌ಗುಲಾನ್ ನಡೆಯಿತು, ಅಂದರೆ ದೊಡ್ಡ ದಂಗೆ. ಮಿಷನ್ನಿನವರ ಮೇಲೂ ಅವರ ಬಾಣ ಹೋಯಿತು. 1900ರ ಜೂನ್ 9ರಂದು ರಾಂಚಿಯ ಜೈಲಿನಲ್ಲಿ ಬಿರ್ಸಾ ತೀರಿಕೊಂಡರು. ಇಪ್ಪತ್ತೈದು ತುಂಬಿರಲಿಲ್ಲ. ಒಬ್ಬರು ರಸೀದಿ ಹಿಡಿದರು, ಒಬ್ಬರು ಬಿಲ್ಲು ಹಿಡಿದರು. ಇಬ್ಬರೂ ಚಿಕ್ಕ ವಯಸ್ಸಿಗೇ ಹೋದರು. ಯಾರಿಂದ ಹೆಚ್ಚು ಆಯಿತು ಅಂತ ತೂಗುವುದು ನಮ್ಮ ಕೆಲಸವಲ್ಲ. ಸರಕಾರ ಕಣ್ಣು ಬಿಟ್ಟದ್ದು ಬಿರ್ಸಾ ದಂಗೆಯ ನಂತರ ಅನ್ನುವುದಂತೂ ನಿಜ. ಊರೂರು ಸರ್ವೆ ನಡೆಸಿ 1908ರಲ್ಲಿ ಛೋಟಾನಾಗ್‌ಪುರ ಗೇಣಿ ಕಾಯಿದೆ ತಂದರು. ಆದಿವಾಸಿಯ ನೆಲ ಹೊರಗಿನವರ ಪಾಲಾಗದಂತೆ ತಡೆ ಹಾಕಿದ್ದು ಆ ಕಾಯಿದೆ. 2016ರಲ್ಲಿ ಅದನ್ನು ಸಡಿಲ ಮಾಡಲು ಹೊರಟಾಗ ಜನ ಬೀದಿಗೆ ಇಳಿದರು. 2017ರಲ್ಲಿ ಆಗಿನ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು ಅವರು ಆ ಮಸೂದೆಯನ್ನು ಹಿಂದಕ್ಕೆ ಕಳಿಸಿದರು.

ಆ 1908ರ ಕಾಯಿದೆಯ ಹಿಂದೆ ಇನ್ನೊಬ್ಬ ಪಾದ್ರಿಯ ಕೈ ಇದೆ. ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್. ಜರ್ಮನಿಯವರು, 1857ರಲ್ಲಿ ಹುಟ್ಟಿದವರು, ಲೀವೆನ್ಸ್‌ಗಿಂತ ಒಂದು ವರ್ಷ ಚಿಕ್ಕವರು. ಮುಂಡಾ ಭಾಷೆಗೆ ವ್ಯಾಕರಣ ಬರೆದವರು, ಮುಂಡಾ ಜನಜೀವನದ ದೊಡ್ಡ ಕೋಶವನ್ನೇ ಮಾಡಿದವರು. ನಮ್ಮ ಕಿಟೆಲ್ ಅವರ ಹಾಗೆ ಅನ್ನಿ. ಖೂಂಟ್‌ಕಟ್ಟಿ ಪದ್ಧತಿ ಏನು ಅನ್ನುವುದನ್ನು ಸರಕಾರಕ್ಕೆ ಬಿಡಿಸಿ ಹೇಳಿದವರಲ್ಲಿ ಅವರೂ ಒಬ್ಬರು.

ಕಾಯಿದೆ ಬಂತು. ಆದರೆ ಸಾಲ? ಬಿತ್ತನೆಗೆ, ಮದುವೆಗೆ, ಎತ್ತಿಗೆ ರೈತ ಮತ್ತೆ ಅದೇ ಸಾಹುಕಾರನ ಮನೆಗೆ ಹೋಗಬೇಕಲ್ಲ. ನೆಲ ಮಾರಬಾರದು ಅಂದರೆ ಬೆಳೆ ಬರೆಸಿಕೊಳ್ಳುತ್ತಾನೆ, ದುಡಿಮೆ ಬರೆಸಿಕೊಳ್ಳುತ್ತಾನೆ. ಹಾಫ್‌ಮನ್ ಅವರಿಗೆ ತಮ್ಮ ದೇಶದ ರೈಫೈಸೆನ್ ಪದ್ಧತಿ ಗೊತ್ತಿತ್ತು. ರೈಫೈಸೆನ್ ಜರ್ಮನಿಯ ಹಳ್ಳಿಗಳಲ್ಲಿ ಪಟೇಲರ ಹಾಗೆ ಆಡಳಿತ ನೋಡಿಕೊಂಡವರು. ಊರಿನವರೇ ಸೇರಿ ಹಣ ಕೂಡಿಸುವುದು, ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು, ಪರಿಚಯ ಇದ್ದವರಿಗೇ ಸಾಲ ಕೊಡುವುದು, ಇದು ಅವರು ತೋರಿಸಿದ ದಾರಿ. ನಮ್ಮ ದೇಶದ 1904ರ ಸಹಕಾರ ಕಾಯಿದೆಗೂ ಇದೇ ಮಾದರಿ. ಅದರ ಮರುವರ್ಷ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ನಿಮಗೆ ಗೊತ್ತೇ ಇದೆ, ಪ್ರತಿ ಸಹಕಾರ ಸಪ್ತಾಹದಲ್ಲೂ ಹೇಳುತ್ತೇವೆ. ಕಣಗಿನಹಾಳದ ನಂತರ ನಾಲ್ಕು ವರ್ಷಕ್ಕೆ, 1909ರಲ್ಲಿ, ಹಾಫ್‌ಮನ್ ರಾಂಚಿಯಲ್ಲಿ ಕ್ಯಾಥೋಲಿಕ್ ಸಹಕಾರಿ ಪತ್ತಿನ ಸಂಘ ಶುರು ಮಾಡಿದರು. ಒಂದೇ ಬೀಜದ ಎರಡು ಗಿಡ. ಒಂದು ಬಯಲುಸೀಮೆಯ ಎರೆ ಮಣ್ಣಿನಲ್ಲಿ ಹುಟ್ಟಿತು, ಒಂದು ಗುಡ್ಡದ ಕೆಂಪು ಮಣ್ಣಿನಲ್ಲಿ.

ಮೊದಲ ಮಹಾಯುದ್ಧ ಬಂದಾಗ ಹಾಫ್‌ಮನ್ ಜರ್ಮನಿಯವರು ಅನ್ನುವ ಕಾರಣಕ್ಕೆ ಸರಕಾರ ಅವರನ್ನು ಈ ದೇಶದಿಂದ ಕಳಿಸಿಬಿಟ್ಟಿತು. ಮತ್ತೆ ಬರಲಾಗಲಿಲ್ಲ, 1928ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಈ ಸಲ ಕಟ್ಟಿದವರು ಹೋದರೂ ಕೆಲಸ ನಿಲ್ಲಲಿಲ್ಲ. ಪುಸ್ತಕ ಇತ್ತು, ಸದಸ್ಯರಿದ್ದರು, ಊರೂರಿನಲ್ಲಿ ಪಂಚರಿದ್ದರು. ಕಟ್ಟಿದವರು ಹೋಗಿ ಎಷ್ಟೋ ವರ್ಷದ ಮೇಲೂ ನಮ್ಮ ಕೌಂಟರಿಗೆ ಬಂದವನ ಅಜ್ಜನ ಕೈಯಲ್ಲಿ ಇದ್ದದ್ದು ಅದರದೇ ಪಾಸ್‌ಬುಕ್. ಲೀವೆನ್ಸ್ ಬಾಯಲ್ಲಿ ಹೇಳಿದ ರಸೀದಿಯ ಮಾತಿಗೆ ಹದಿನಾರು ವರ್ಷದ ಮೇಲೆ ಒಂದು ಮನೆ ಸಿಕ್ಕಿತು ಅಂತ ನಾವು ತಿಳಿದುಕೊಂಡಿದ್ದೇವೆ.

ಲೀವೆನ್ಸ್ ಅವರ ಅಸ್ಥಿ ಬೆಲ್ಜಿಯಂನಲ್ಲೇ ಇತ್ತು. 1993ರಲ್ಲಿ, ಅವರು ತೀರಿಕೊಂಡು ನೂರು ವರ್ಷ ಆದಾಗ, ಅದನ್ನು ರಾಂಚಿಗೆ ತಂದು ಅಲ್ಲಿಯ ದೊಡ್ಡ ಇಗರ್ಜಿಯಲ್ಲಿ ಇಟ್ಟರು. ರೋಗಿಯಾಗಿ ಹಡಗು ಹತ್ತಿದವರು ನೂರು ವರ್ಷದ ಮೇಲೆ ವಾಪಸ್ ಬಂದರು.

ಇನ್ನು ನಮ್ಮ ವಿಷಯ. ಆ ಆಳು ಪಾಸ್‌ಬುಕ್ ಕೇಳಿದ ದಿನ ನಾವು ಅವನಿಗೆ ಏನು ಹೇಳಿದೆವು? "ನೀನು ಈ ಊರಿನವನಲ್ಲಪ್ಪ, ಬೈಲಾದಲ್ಲಿ ಅವಕಾಶ ಇಲ್ಲ" ಅಂದೆವು. ಸುಳ್ಳಲ್ಲ. ನಮ್ಮ ಬೈಲಾ ಪ್ರಕಾರ ಸದಸ್ಯನಾಗಲು ಸಂಘದ ಕಾರ್ಯವ್ಯಾಪ್ತಿಯಲ್ಲಿ ವಾಸ ಇರಬೇಕು. ವರ್ಷದಲ್ಲಿ ನಾಲ್ಕೈದು ತಿಂಗಳು ಲೈನ್ ಮನೆಯಲ್ಲಿ ಇರುವವನು ವಾಸಿಯೋ ಅಲ್ಲವೋ ಅಂತ ಬರೆದವರು ಯೋಚಿಸಿರಲಿಲ್ಲ. ರಾಂಚಿಯ ಸಂಘವೂ ಹೆಸರೇ ಹೇಳುವಂತೆ ತನ್ನವರಿಗಾಗಿ ಕಟ್ಟಿಕೊಂಡದ್ದು, ಎಲ್ಲರಿಗೂ ಬಾಗಿಲು ತೆರೆದಿತ್ತು ಅಂತ ನಾವು ಹೇಳುವುದಿಲ್ಲ. ಪ್ರತಿ ಸಂಘಕ್ಕೂ ಒಂದು ಬೇಲಿ ಬೇಕು, ಇಲ್ಲದಿದ್ದರೆ ಪರಿಚಯ, ಜಾಮೀನು ಯಾವುದೂ ನಿಲ್ಲುವುದಿಲ್ಲ. ಬೇಲಿಯಲ್ಲಿ ಗೇಟು ಎಲ್ಲಿಡಬೇಕು ಅನ್ನುವುದು ಪ್ರಶ್ನೆ.

ಮಂಡಳಿಯಲ್ಲಿ ಎರಡು ಅಭಿಪ್ರಾಯ ಇವೆ. ಕೊಯ್ಲಿನ ಆಳುಗಳನ್ನು ನಾಮಮಾತ್ರ ಸದಸ್ಯರಾಗಿ ಸೇರಿಸಿಕೊಂಡು, ಸಾಲ ಬೇಡ, ಓಟು ಬೇಡ, ಉಳಿತಾಯಕ್ಕೆ ಮಾತ್ರ ಪಾಸ್‌ಬುಕ್ ಕೊಡೋಣ ಅನ್ನುವವರು ನಾಲ್ವರು. ಕಂಟ್ರಾಕ್ಟರುಗಳ ಜೊತೆ ಜಗಳಕ್ಕೆ ಬೀಳುತ್ತೇವೆ, ಹಣ್ಣು ಕೊಯ್ಯಲು ಜನ ಸಿಗದೆ ಹೋದರೆ ತೋಟದವರೇ ಸಂಘಕ್ಕೆ ಬೈಯುತ್ತಾರೆ ಅನ್ನುವವರು ಮೂವರು. ಈ ಮೂವರ ಮಾತನ್ನು ತಳ್ಳಿಹಾಕುವಂತಿಲ್ಲ. ನಾವೇ ತೋಟದವರು, ನಾವೇ ಸಂಘದವರು. ಚೀಟಿ ಇಲ್ಲದೆ ಕೂಲಿ ಕೊಡಿಸುವುದರಲ್ಲಿ ನಮ್ಮ ಕೈಯೂ ಇದೆ. ಕಂಟ್ರಾಕ್ಟರಿಗೆ ಒಟ್ಟು ದುಡ್ಡು ಎಣಿಸಿ ಕೊಟ್ಟು ಕೈ ತೊಳೆದುಕೊಳ್ಳುವವರು ನಾವೇ. ಲೀವೆನ್ಸ್ ಕಥೆ ಓದುವಾಗ ನಮ್ಮನ್ನು ನಾವು ರೈತರ ಸಾಲಿನಲ್ಲಿ ಕೂರಿಸಿಕೊಂಡೇ ಓದುತ್ತಿದ್ದೆವು. ಅರ್ಧ ಓದಿದ ಮೇಲೆ ಒಬ್ಬ ನಿರ್ದೇಶಕರು, "ಇದರಲ್ಲಿ ಒಡೆಯರ ಸಾಲು ಒಂದಿದೆಯಲ್ಲ, ನಾವು ಅಲ್ಲಿ ಕೂತಿದ್ದೇವೋ ಏನೋ" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈ ವಿಷಯ ಬರುವ ವಾರ್ಷಿಕ ಮಹಾಸಭೆಯ ಅಜೆಂಡಾದಲ್ಲಿ ಏಳನೆಯದು. ಪ್ರತಿ ವರ್ಷ ಲಾಭಾಂಶದ ಘೋಷಣೆ ಆದ ಕೂಡಲೇ ಅರ್ಧ ಸಭೆ ಎದ್ದು ಊಟಕ್ಕೆ ಹೋಗುವುದು ನಮಗೆ ಗೊತ್ತು. ಈ ಸಲ ದಯಮಾಡಿ ಏಳನೆಯ ವಿಷಯದ ತನಕ ಕೂತಿರಿ. ಬೇಡ ಅನ್ನುವವರೂ ಕೂತಿರಿ, ಬೇಡ ಅಂತ ಎದ್ದು ನಿಂತು ಹೇಳಿ, ನಡಾವಳಿಯಲ್ಲಿ ಬರೆಸಿ.

ಆತ ಕೊಯ್ಲು ಮುಗಿಸಿ ಊರಿಗೆ ಹೋದ. ಹೋಗುವ ಮುಂಚೆ ಮತ್ತೆ ಕಚೇರಿಗೆ ಬಂದಿದ್ದ. ಗುಮಾಸ್ತರು ಏನೂ ತೋಚದೆ ಒಂದು ಬಿಳಿ ಹಾಳೆ ಕೊಟ್ಟು, ಏನು ಬೇಕು ಅಂತ ಬರೆದು ಕೊಡು ಅಂದರು. ಹಿಂದಿಯಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟ. ಕೊಟ್ಟವನು ಹೋಗಲಿಲ್ಲ, ಕೌಂಟರಿನ ಮುಂದೆಯೇ ನಿಂತಿದ್ದ. ಇನ್ನೇನು ಬೇಕಪ್ಪಾ ಅಂತ ಕೇಳಿದರೆ, ಅರ್ಜಿ ತಲುಪಿದ್ದಕ್ಕೆ ರಸೀದಿ ಅಂದ. ಸೀಲು ಹಾಕಿ ಕೊಟ್ಟಿದ್ದೇವೆ. ಅದರ ಪ್ರತಿ ನಮ್ಮ ಫೈಲಿನಲ್ಲಿದೆ, ಆವಕ ನಂಬರು ಬಿದ್ದಿದೆ. ಬರುವ ಕೊಯ್ಲಿಗೆ ಅದನ್ನು ಹಿಡಿದುಕೊಂಡು ಬರುತ್ತಾನೆ.